ಫ್ಲಷ್ ಟ್ಯಾಂಕಿನ ಮುಚ್ಚಳ ತೆಗೆಯಲು ಯಾರ ಅಪ್ಪಣೆ ಬೇಕು?

ಈಚೆಗೆ ನನ್ನ ತಂಗಿಯ ಮಗನ ಹೊಸ ಮನೆಯ ಗೃಹಪ್ರವೇಶಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ಮನೆ ಬಲು ಚೆನ್ನಾಗಿದೆ. ಪೂಜೆಯ ಕೋಣೆಗೆ ತೇಗದ ಬಾಗಿಲು, ಅಡುಗೆಮನೆಗೆ ಹೊಳೆಯುವ ಕಲ್ಲು, ಸ್ನಾನಗೃಹಕ್ಕೆ ನೆಲದಿಂದ ಛಾವಣಿಯವರೆಗೆ ಟೈಲ್ಸು. ಆದರೆ ಬೆಳ್ಳಗೆ ಮಿರುಗುವ ಕಮೋಡಿನ ಪಕ್ಕದಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಬಕೆಟ್ ತುಂಬಿ ನಿಂತಿತ್ತು. ವಿಚಾರಿಸಿದಾಗ, "ಫ್ಲಷ್ ಸರಿಯಾಗಿ ಹೋಗಲ್ಲ ಮಾವ, ಎರಡು ಸಲ ಒತ್ತಿ ಆಮೇಲೆ ಬಕೆಟ್ ಸುರೀಬೇಕು" ಎಂದು ಅಳಿಯ ಸಂಕೋಚದಿಂದ ಹೇಳಿದ.

ನಾನು ಅಂಗಿಯ ತೋಳು ಮಡಿಸಿ ಟ್ಯಾಂಕಿನ ಮುಚ್ಚಳ ಎತ್ತಿದೆ. ಅಷ್ಟರಲ್ಲಿ ತಂಗಿ ಬಾಗಿಲಿಗೆ ಬಂದಳು. "ಅಯ್ಯೋ ಅಣ್ಣಾ, ನೀನ್ಯಾಕೆ ಅದಕ್ಕೆ ಕೈ ಹಾಕ್ತೀಯ? ಊಟಕ್ಕೆ ಎಲೆ ಹಾಕಿದಾರೆ. ಅದಕ್ಕೆ ಬೇರೆಯವರು ಬರ್ತಾರೆ. ಈಗ ನೀನು ಮತ್ತೆ ಸ್ನಾನ ಮಾಡ್ಬೇಕು!"

ಆ ಮಾತು ನನ್ನನ್ನು ಬಿಡಲಿಲ್ಲ. ತಂಗಿಯ ಮೇಲೆ ನನಗೆ ಕೋಪವಿಲ್ಲ. ನಾವಿಬ್ಬರೂ ಒಂದೇ ಮನೆಯಲ್ಲಿ ಒಂದೇ ಪಾಠ ಕಲಿತು ಬೆಳೆದವರು. ಈ ಲೇಖನವನ್ನು ಅವಳೂ ಓದುತ್ತಾಳೆ, ಓದಲಿ ಎಂದೇ ಬರೆಯುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳೂ ಓದಲಿ. ವಿಷಯ ಊಟದ ಹೊತ್ತಿನಲ್ಲಿ ಓದುವಂಥದ್ದಲ್ಲ ಎನ್ನುವವರು ಊಟ ಮುಗಿಸಿ ಓದಿರಿ. ಓದದೆ ಮಾತ್ರ ಇರಬೇಡಿ.

ಮೊದಲು ಒಂದು ಸರಳ ಪ್ರಶ್ನೆ. ಆ ಟ್ಯಾಂಕಿನಲ್ಲಿ ಇರುವುದು ಯಾವ ನೀರು? ಮನೆಯ ಮಾಳಿಗೆಯ ಮೇಲಿನ ತೊಟ್ಟಿಯಿಂದ ಇಳಿದು ಬಂದ ನೀರು. ಅದೇ ಕೊಳಾಯಿಯ ಒಂದು ಕವಲು ಅಡುಗೆಮನೆಗೂ ಇನ್ನೊಂದು ಕವಲು ಈ ಟ್ಯಾಂಕಿಗೂ ಹೋಗಿದೆ. ಕಮೋಡಿನಿಂದ ಟ್ಯಾಂಕಿಗೆ ಒಂದು ಹನಿಯೂ ಹಿಂದಕ್ಕೆ ಏರುವುದಿಲ್ಲ. ಅಂದು ಬಡಿಸಿದ ಪಾಯಸಕ್ಕೆ ಹಾಕಿದ ನೀರು ಮಡಿ, ಆರು ಅಡಿ ದೂರದ ಟ್ಯಾಂಕಿನಲ್ಲಿರುವ ಅದೇ ನೀರು ಮೈಲಿಗೆ! ಇದಕ್ಕೆ ಯಾವ ರಸಾಯನಶಾಸ್ತ್ರದಲ್ಲಿಯೂ ಆಧಾರವಿಲ್ಲ. ಆಧಾರವಿರುವುದು ನಮ್ಮ ಸಮಾಜಶಾಸ್ತ್ರದಲ್ಲಿ. 'ಅದಕ್ಕೆ ಬೇರೆಯವರು ಬರುತ್ತಾರೆ' ಎಂಬ ಮಾತಿನಲ್ಲಿರುವ ಆ 'ಬೇರೆಯವರು' ಯಾರೆಂದು ನಮಗೆಲ್ಲ ಗೊತ್ತಿದೆ. ಗೊತ್ತಿದ್ದೂ ಬಾಯಿ ಬಿಟ್ಟು ಹೇಳುವುದಿಲ್ಲ.

ನನ್ನ ವಾದ ಇಷ್ಟೇ. ನಮ್ಮ ಮನೆಗಳಲ್ಲಿ ದುರ್ಬಲವಾಗಿರುವ ಫ್ಲಷ್‌ಗಳ ಪೈಕಿ ಬಹುಪಾಲು, ಒಂಬತ್ತನೆಯ ತರಗತಿಯ ವಿಜ್ಞಾನ ಗೊತ್ತಿರುವ ಯಾರೇ ಆದರೂ ಕಾಲು ಗಂಟೆಯಲ್ಲಿ ಸರಿಪಡಿಸಬಹುದಾದವು. ನಾವು ಸರಿಪಡಿಸದಿರುವುದಕ್ಕೆ ಕಾರಣ ವಿದ್ಯೆಯ ಕೊರತೆಯಲ್ಲ. ಜಾತಿಯ ಹಳೆಯ ಹೇಸಿಗೆಯು ನಾಗರಿಕತೆಯ ಹೊಸ ಉಡುಪು ತೊಟ್ಟು ನಮ್ಮ ಕೈ ಹಿಡಿದು ನಿಲ್ಲಿಸುತ್ತಿದೆ.

ಫ್ಲಷ್ ಹೇಗೆ ಕೆಲಸ ಮಾಡುತ್ತದೆಂದು ಮೊದಲು ನೋಡೋಣ. ಕಮೋಡಿನ ಬಟ್ಟಲಿನ ಹಿಂದೆ ಕೊಳವೆ ಮೇಲಕ್ಕೆ ಬಾಗಿ, ಮತ್ತೆ ಕೆಳಕ್ಕೆ ಇಳಿಯುತ್ತದೆ. ಈ ಬಾಗಿನಲ್ಲಿ ಸದಾ ಸುಮಾರು ಎರಡು ಅಂಗುಲದಷ್ಟು ನೀರು ನಿಂತು, ಚರಂಡಿಯ ದುರ್ಗಂಧವನ್ನು ಮನೆಯೊಳಗೆ ಬಾರದಂತೆ ತಡೆಯುತ್ತದೆ. ಇಂಥ ಬಾಗಿದ ಕೊಳವೆಗೆ 1775ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ. ಅರಮನೆಯವರು ಮೆಚ್ಚುವ ಗಡಿಯಾರಗಳನ್ನು ಮಾಡುತ್ತಿದ್ದ ಕೈಗಳಿಗೆ ಪಾಯಿಖಾನೆಯ ಕೊಳವೆಯ ಬಗ್ಗೆ ಯೋಚಿಸುವುದು ಅವಮಾನವೆನಿಸಲಿಲ್ಲ ಎಂಬುದನ್ನು ಗಮನಿಸಿ.

ಈಗ ಆ ಬಾಗನ್ನು ಒಂದು ಕೆರೆಯ ಕೋಡಿ ಎಂದು ಭಾವಿಸಿ. ಬೇಸಿಗೆಯ ಕೊನೆಯಲ್ಲಿ ಸಣ್ಣ ಹಳ್ಳದ ನೀರು ತುಂಬಿದ ಕೆರೆಗೆ ನಿಧಾನವಾಗಿ ಬರುತ್ತಿದ್ದರೆ, ಬಂದಷ್ಟೇ ನೀರು ಕೋಡಿಯ ಮೇಲೆ ತೆಳ್ಳಗೆ ಜಾರಿ ಹೋಗುತ್ತದೆ. ಕೆರೆಯಲ್ಲಿ ಬಿದ್ದ ಕಸಕಡ್ಡಿ ಇದ್ದಲ್ಲೇ ಇರುತ್ತದೆ. ಅದೇ ಒಂದು ರಾತ್ರಿ ಧಾರಾಕಾರ ಮಳೆ ಸುರಿದು ನೀರು ಒಮ್ಮೆಲೇ ನುಗ್ಗಿದರೆ, ಮಟ್ಟ ಏರಿ, ಕೋಡಿ ಭೋರ್ಗರೆದು ಮರದ ದಿಮ್ಮಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಫ್ಲಷ್‌ನ ರಹಸ್ಯವೆಲ್ಲ ಇಷ್ಟೇ. ಆರು ಲೀಟರ್ ನೀರನ್ನು ಒಂದು ನಿಮಿಷ ಹಿಡಿದು ಸುರಿದರೆ ಏನೂ ಆಗುವುದಿಲ್ಲ. ಅದೇ ಆರು ಲೀಟರ್ ಕೆಲವೇ ಸೆಕೆಂಡುಗಳಲ್ಲಿ ಬಿದ್ದರೆ ಬಟ್ಟಲು ಶುದ್ಧವಾಗುತ್ತದೆ. ನೀರಿನ ಪ್ರಮಾಣ ಮತ್ತು ವೇಗ ಎರಡೂ ಬೇಕು. ಟ್ಯಾಂಕಿನ ಕೆಲಸವೆಂದರೆ ಕೊಳಾಯಿಯಿಂದ ಸಣ್ಣಗೆ ಬರುವ ನೀರನ್ನು ಸಂಗ್ರಹಿಸಿಟ್ಟು ಒಂದೇ ಸಲಕ್ಕೆ ಬಿಡುವುದು.

ನಮ್ಮ ದೇಶದ ಮನೆಗಳಲ್ಲಿ ಹೆಚ್ಚಾಗಿ ಇರುವುದು ಹೀಗೆ ನೀರಿನ ತಳ್ಳುವಿಕೆಯಿಂದಲೇ ತೊಳೆಯುವ ಕಮೋಡುಗಳು. ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳ ಮನೆಯ ಕಮೋಡು ಬೇರೆ ಬಗೆಯದು. ಅದರ ಹಿಂದಿನ ಕೊಳವೆ ಉದ್ದ ಮತ್ತು ಕಿರಿದು. ಅದು ಪೂರ್ತಿ ತುಂಬಿಕೊಂಡಾಗ ಸೈಫನ್ ಏರ್ಪಟ್ಟು ಬಟ್ಟಲಿನ ನೀರನ್ನೆಲ್ಲ ಹೀರಿಬಿಡುತ್ತದೆ. ಕೊನೆಯಲ್ಲಿ ಕೇಳುವ 'ಗೊಳಕ್' ಎಂಬ ಸದ್ದು ಕೊಳವೆಯೊಳಗೆ ಗಾಳಿ ಹೊಕ್ಕು ಸೈಫನ್ ಮುರಿದದ್ದರ ಸೂಚನೆ.

ಇನ್ನು ರೋಗಪರೀಕ್ಷೆ. ವೈದ್ಯರು ನಾಡಿ ಹಿಡಿಯುವಂತೆ ಮೊದಲು ಮಾಡಬೇಕಾದದ್ದು ಬಕೆಟ್ ಪರೀಕ್ಷೆ. ಅರ್ಧ ಬಕೆಟ್ ನೀರನ್ನು, ಅಂದರೆ ಆರೇಳು ಲೀಟರನ್ನು, ಸೊಂಟದ ಎತ್ತರದಿಂದ ಬಟ್ಟಲಿನೊಳಕ್ಕೆ ಒಮ್ಮೆಲೇ ಸುರಿಯಿರಿ. ಎಲ್ಲವೂ ಸಲೀಸಾಗಿ ಹೊರಟುಹೋದರೆ ಬಟ್ಟಲು ಮತ್ತು ಚರಂಡಿಯ ಕೊಳವೆ ಸರಿಯಾಗಿವೆ. ದೋಷವಿರುವುದು ಟ್ಯಾಂಕಿನಲ್ಲಿ ಅಥವಾ ನೀರು ಬಟ್ಟಲಿಗೆ ಇಳಿಯುವ ದಾರಿಯಲ್ಲಿ. ನೀರು ಏರಿ ನಿಂತು ನಿಧಾನವಾಗಿ ಇಳಿದರೆ ದೋಷ ಮುಂದಿನ ಕೊಳವೆಯಲ್ಲಿದೆ. ಈ ಒಂದು ಪರೀಕ್ಷೆಯನ್ನು ಮಾಡದೆ ಕಮೋಡನ್ನೇ ಕಿತ್ತು ಹೊಸದು ಕೂರಿಸಿದವರನ್ನು ನಾನು ಬಲ್ಲೆ. ಹೊಸ ಕಮೋಡಿನ ಪಕ್ಕದಲ್ಲಿಯೂ ಅವರ ಹಳೆಯ ಬಕೆಟ್ ಹಾಗೆಯೇ ಉಳಿಯಿತು.

ದೋಷ ಟ್ಯಾಂಕಿನಲ್ಲಿದ್ದರೆ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ. ಒಳಗೋಡೆಯ ಮೇಲೆ ಒಂದು ಗೆರೆ ಇರುತ್ತದೆ. ಇಲ್ಲದಿದ್ದರೆ, ಹೆಚ್ಚಾದ ನೀರು ಹೋಗುವ ನಿಂತ ಕೊಳವೆಯ ಬಾಯಿಗಿಂತ ಒಂದು ಅಂಗುಲ ಕೆಳಗಿನವರೆಗೆ ನೀರು ಬರಬೇಕು. ಅದಕ್ಕಿಂತ ಕೆಳಗಿದ್ದರೆ ತೇಲುವ ಚೆಂಡಿನ ಅಥವಾ ಡಬ್ಬಿಯ ಸ್ಕ್ರೂ ತಿರುಗಿಸಿ ಮಟ್ಟ ಏರಿಸಿ. ನನ್ನ ಅಳಿಯನ ಮನೆಯಲ್ಲಿದ್ದ ರೋಗ ಇದೇ. ನೀರು ಗೆರೆಗಿಂತ ನಾಲ್ಕು ಬೆರಳು ಕೆಳಗಿತ್ತು. ಸ್ಕ್ರೂಡ್ರೈವರ್ ಹಿಡಿದು ಎದ್ದು ನಿಲ್ಲುವುದಕ್ಕೆ ಐದು ನಿಮಿಷವೂ ಆಗಲಿಲ್ಲ. ಅನ್ನ ಆರುವ ಮೊದಲೇ ಕೈ ತೊಳೆದು ಎಲೆಯ ಮುಂದೆ ಕುಳಿತೆ. ಸ್ನಾನ ಮಾಡಲಿಲ್ಲ.

ಟ್ಯಾಂಕ್ ತುಂಬಿದ್ದೂ ಫ್ಲಷ್ ದುರ್ಬಲವಾಗಿದ್ದರೆ, ತಳದ ರಬ್ಬರ್ ಮುಚ್ಚಳ ಪೂರ್ತಿ ಮೇಲೆದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆಯೇ ನೋಡಿ. ಅದನ್ನು ಎಳೆಯುವ ಸರಪಳಿ ಸಡಿಲವಾಗಿದ್ದರೆ ಮುಚ್ಚಳ ಅರ್ಧ ಎದ್ದು ಬೇಗ ಬಿದ್ದುಬಿಡುತ್ತದೆ. ಎರಡು ಗುಂಡಿಗಳ ಟ್ಯಾಂಕಾದರೆ ಸಣ್ಣದು ಮೂರು ಲೀಟರಿಗೆ, ದೊಡ್ಡದು ಆರು ಲೀಟರಿಗೆ; ಯಾವುದು ಯಾವುದಕ್ಕೆಂದು ಮನೆಯವರಿಗೆಲ್ಲ ಹೇಳಿಕೊಡಿ. ಹಿಂದೆ ಹತ್ತು ಹನ್ನೆರಡು ಲೀಟರಿನ ಟ್ಯಾಂಕುಗಳಿದ್ದಾಗ ನೀರು ಉಳಿಸಲು ಒಳಗೆ ಇಟ್ಟಿಗೆಯನ್ನೋ ಬಾಟಲಿಯನ್ನೋ ಇಡುವ ರೂಢಿಯಿತ್ತು. ಆರು ಲೀಟರಿನ ಟ್ಯಾಂಕಿನಲ್ಲಿ ಅದನ್ನು ಮಾಡಿದರೆ ಎರಡೆರಡು ಸಲ ಒತ್ತಬೇಕಾಗಿ ಉಳಿತಾಯವೆಲ್ಲ ಹಾಳು.

ಟ್ಯಾಂಕ್ ಸದ್ದಿಲ್ಲದೆ ಸೋರುತ್ತಿದೆಯೇ ಎಂದು ತಿಳಿಯಲು ರಾತ್ರಿ ಮಲಗುವ ಮುನ್ನ ಒಂದು ಚಮಚ ಅರಿಶಿನವನ್ನೋ ಬಟ್ಟೆಗೆ ಹಾಕುವ ನೀಲಿಯನ್ನೋ ಟ್ಯಾಂಕಿನ ನೀರಿಗೆ ಕಲಸಿ. ಅರ್ಧ ಗಂಟೆಯ ನಂತರ ಯಾರೂ ಫ್ಲಷ್ ಮಾಡದೆಯೇ ಬಟ್ಟಲಿನ ನೀರಿಗೆ ಬಣ್ಣ ಬಂದಿದ್ದರೆ ತಳದ ವಾಷರ್ ಸವೆದಿದೆ ಎಂದರ್ಥ. ಬೇರೆ ವಾಷರ್ ಹಾಕಿದರೆ ಮುಗಿಯಿತು.

ಟ್ಯಾಂಕೂ ಸರಿಯಿದ್ದರೆ ಬಟ್ಟಲಿನ ಅಂಚಿನ ಕೆಳಗಿರುವ ರಂಧ್ರಗಳನ್ನು ಪುಟ್ಟ ಕನ್ನಡಿ ಹಿಡಿದು ಪರೀಕ್ಷಿಸಿ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿಯ ಹರಳೇ ಆ ರಂಧ್ರಗಳಲ್ಲಿಯೂ ಕಟ್ಟುತ್ತದೆ. ಅದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ದೊರೆಯುವ ಸಿಟ್ರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯ ಚೂರುಗಳನ್ನು ಅದ್ದಿ ಅಂಚಿನ ಕೆಳಗೆ ರಾತ್ರಿಯಿಡೀ ಒತ್ತಿ ಇಡಿ. ಬೆಳಿಗ್ಗೆ ಬಟ್ಟೆ ಹೊರತೆಗೆದು, ಒಂದು ತಂತಿಯಿಂದ ರಂಧ್ರಗಳನ್ನು ಬಿಡಿಸಿ.

ಇಲ್ಲಿ ಆ್ಯಸಿಡ್‌ನ ಬಗ್ಗೆ ಎರಡು ಕಟುವಾದ ಮಾತು ಹೇಳಬೇಕು. ಬಾಟಲಿಗಟ್ಟಲೆ ಆ್ಯಸಿಡ್ ತಂದು, ಮನೆಗೆಲಸದವಳ ಕೈಗೆ ಕೊಟ್ಟು 'ಚೆನ್ನಾಗಿ ಉಜ್ಜಮ್ಮ' ಎಂದು ಬಾಗಿಲ ಹೊರಗೆ ಮೂಗು ಮುಚ್ಚಿ ನಿಲ್ಲುವ ಗೃಹಸ್ಥರು ನನ್ನ ಬಂಧುಗಳಲ್ಲಿಯೇ ಇದ್ದಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಹೊಗೆ ಶ್ವಾಸಕೋಶವನ್ನು ಸುಡುತ್ತದೆ. ಅದನ್ನು ಬ್ಲೀಚಿಂಗ್ ಪೌಡರಿನ ಜೊತೆ ಬೆರೆಸಿದರಂತೂ ಕ್ಲೋರಿನ್ ಅನಿಲ ಹೊರಡುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ್ದು ಅದೇ ಅನಿಲ. ನೀವು ಸ್ವತಃ ಒಳಗೆ ನಿಂತು ಬಳಸಲಾರದ ವಸ್ತುವನ್ನು ಇನ್ನೊಬ್ಬರ ಕೈಯಲ್ಲಿ ಇಡುವ ಅಧಿಕಾರ ನಿಮಗಿಲ್ಲ.

ಬಕೆಟ್ ಪರೀಕ್ಷೆಯಲ್ಲಿಯೇ ಸೋತ ಕಮೋಡಿನ ವಿಷಯ ಬೇರೆ. ಕೊಳವೆಯಲ್ಲಿ ಬಟ್ಟೆ, ಪ್ಯಾಡು ಸಿಕ್ಕಿರಬಹುದು. ಮಾಳಿಗೆಯ ಮೇಲೆ ಬಾಯಿ ತೆರೆದಿರಬೇಕಾದ ಗಾಳಿ ಕೊಳವೆಯನ್ನು ಹಕ್ಕಿಗೂಡು ಮುಚ್ಚಿರಬಹುದು. ಅಥವಾ ಸೆಪ್ಟಿಕ್ ಟ್ಯಾಂಕ್ ತುಂಬಿರಬಹುದು. ಇಲ್ಲಿ ಕೆಲಸ ಬಲ್ಲ ಪ್ಲಂಬರನನ್ನೇ ಕರೆಯಿರಿ. ಪರೀಕ್ಷೆ ಮಾಡಿ ಏನು ಕಂಡಿತೆಂದು ಸರಿಯಾಗಿ ಹೇಳಿ, ಕೇಳಿದ ನ್ಯಾಯವಾದ ಹಣ ಕೊಡಿ, ಮನೆಯವರು ಕುಡಿಯುವ ಲೋಟದಲ್ಲಿಯೇ ಕಾಫಿ ಕೊಡಿ. 'ಎಲ್ಲರೂ ತಾವೇ ರಿಪೇರಿ ಮಾಡಿಕೊಂಡರೆ ಅವರ ಹೊಟ್ಟೆಪಾಡು ಏನಾಗಬೇಕು ಸಾರ್?' ಎಂದು ಒಬ್ಬ ಹಳೆಯ ವಿದ್ಯಾರ್ಥಿ ನನ್ನನ್ನು ಕೇಳಿದ್ದ. ಪ್ಲಂಬಿಂಗ್ ಒಂದು ವಿದ್ಯೆ. ಅದಕ್ಕೆ ಮರ್ಯಾದೆ ಕೊಡುವುದೆಂದರೆ ಅದು ಬೇಕಾದ ಕಡೆ ಕರೆಯುವುದು. ಸ್ಕ್ರೂ ತಿರುಗಿಸುವುದಕ್ಕೂ ಅವನನ್ನು ಕರೆದು, ಬಂದಾಗ ಮುಖ ಸಿಂಡರಿಸುವುದರಲ್ಲಿ ಯಾವ ಪರೋಪಕಾರವೂ ಇಲ್ಲ.

ಆದರೆ ಸೆಪ್ಟಿಕ್ ಟ್ಯಾಂಕಿಗಾಗಲಿ ಮ್ಯಾನ್‌ಹೋಲಿಗಾಗಲಿ ಮನುಷ್ಯನನ್ನು ಎಂದಿಗೂ ಇಳಿಸಬೇಡಿ. ಅಲ್ಲಿ ಆಮ್ಲಜನಕ ಕಡಿಮೆ, ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೆಚ್ಚು. ಎರಡು ಉಸಿರಿನಲ್ಲಿ ಪ್ರಜ್ಞೆ ತಪ್ಪುತ್ತದೆ; ಉಳಿಸಲು ಇಳಿದ ಎರಡನೆಯವನೂ ಮೇಲೆ ಬರುವುದಿಲ್ಲ. ಯಂತ್ರವಿರುವ ಲಾರಿ ಕರೆಸಿ. 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದು ಶಿಕ್ಷಾರ್ಹ ಅಪರಾಧ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ನ್ಯಾಯಾಲಯ ಹಾಗೆ ಹೇಳಬೇಕಾಗಿ ಬಂದಿತು ಎಂಬುದೇ ನಮಗೆ ನಾಚಿಕೆಯಾಗಬೇಕಾದ ಸಂಗತಿ.

ನಮ್ಮ ನಾಡಿನ ಚರಿತ್ರೆಯನ್ನು ಇಲ್ಲಿ ಮರೆಯಬಾರದು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆಗ ನಾನು ಶಾಲಾ ಬಾಲಕ. ನಮ್ಮ ಊರಿನ ಹಿತ್ತಿಲ ಓಣಿಯಲ್ಲಿ ಬೆಳಗಿನ ಜಾವ ಬಕೆಟ್ ಹೊತ್ತು ನಡೆಯುತ್ತಿದ್ದ ಹೆಂಗಸನ್ನು ಕಂಡ ನೆನಪು ನನಗಿದೆ. ಅವಳ ಹೆಸರು ನನಗೆ ಗೊತ್ತಿಲ್ಲ. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಿಷೇಧವಾಗಿ ಮೂರೂವರೆ ದಶಕಗಳು ಕಳೆದ ಮೇಲೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಈ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೇ.

ಹೇಸಿಗೆಯನ್ನು ಮೀರಿ ಯೋಚಿಸಿದವರೂ ಇದ್ದಾರೆ. 1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಪಾಯಿಖಾನೆಗಳು ಗಬ್ಬೆದ್ದಿದ್ದಾಗ, ಅದು ತಮ್ಮ ಕೆಲಸವಲ್ಲವೆಂದು ಸ್ವಯಂಸೇವಕರು ಹೇಳಿದರು; ಗಾಂಧೀಜಿ ಪೊರಕೆ ಹಿಡಿದು ತಾವೇ ತೊಳೆದರು. 1970ರಲ್ಲಿ ಸುಲಭ್ ಸಂಸ್ಥೆಯನ್ನು ಆರಂಭಿಸಿದ ಬಿಹಾರದ ಬಿಂದೇಶ್ವರ ಪಾಠಕ್ ಹುಟ್ಟಿನಿಂದ ಬ್ರಾಹ್ಮಣರು. ಅವರು ಪ್ರಚಾರಕ್ಕೆ ತಂದ ಎರಡು ಗುಂಡಿಗಳ ಶೌಚಾಲಯದ ಬಟ್ಟಲಿಗೆ ಕಡಿದಾದ ಇಳಿಜಾರು. ಬಾಗಿನಲ್ಲಿ ನಿಲ್ಲುವ ನೀರು ಕೇವಲ 20 ಮಿಲಿಮೀಟರ್. ಕೋಡಿಯನ್ನು ತಗ್ಗಿಸಿದರೆ ಕಡಿಮೆ ಪ್ರವಾಹ ಸಾಕು ಎಂಬ ಸರಳ ತತ್ತ್ವ. ಹಾಗಾಗಿ ಅಲ್ಲಿ ಒಂದೆರಡು ಲೀಟರ್ ನೀರೇ ಸಾಕಾಗುತ್ತದೆ.

ನೀರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಾಲ್ಕು ಜನರ ಮನೆಯಲ್ಲಿ ತಲಾ ಐದು ಸಲ ಆರು ಲೀಟರಿನಂತೆ ದಿನಕ್ಕೆ 120 ಲೀಟರ್. ಫ್ಲಷ್ ದುರ್ಬಲವಾಗಿ ಪ್ರತಿ ಸಲವೂ ಎರಡೆರಡು ಬಾರಿ ಒತ್ತಿದರೆ 240. ಬೆಂಗಳೂರಿಗೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಷ್ಟು ವಿದ್ಯುತ್ ಖರ್ಚು ಮಾಡಿ ತಂದ ನೀರನ್ನು ಒಂದು ಸ್ಕ್ರೂ ತಿರುಗಿಸುವ ಸೋಮಾರಿತನಕ್ಕಾಗಿ ಚೆಲ್ಲುತ್ತೇವೆ.

ಇಷ್ಟು ಹೊತ್ತು ಇತರರನ್ನು ಬೈದೆ. ಈಗ ನನ್ನ ಸರದಿ.

1990ರ ದಶಕದ ಮಧ್ಯದಲ್ಲಿ ನಾನು ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದೆ. ದಾನಿಗಳೊಬ್ಬರ ಹಣದಿಂದ ಹೆಣ್ಣುಮಕ್ಕಳಿಗಾಗಿ ಒಂದು ಶೌಚಾಲಯ ಕಟ್ಟಿಸಲಾಯಿತು. ಪ್ಲಾಸ್ಟಿಕ್ ಟ್ಯಾಂಕಿನ ಫ್ಲಷ್ ಸಹ ಇತ್ತು. ಐದಾರು ತಿಂಗಳಲ್ಲಿ ಫ್ಲಷ್ ಕೆಟ್ಟಿತು. ಕೆಲವು ದಿನ ಶಾಲೆಯ ಆಯಾ ನೀರು ಹೊತ್ತು ಸುರಿದಳು, ಆ್ಯಸಿಡ್ ಹಾಕಿ ಉಜ್ಜಿದಳು, ಬೆರಳು ಸುಟ್ಟುಕೊಂಡಳು. ಅನಂತರ ಬಾಗಿಲಿಗೆ ಬೀಗ ಬಿತ್ತು. 'ರಿಪೇರಿಗೆ ಅನುದಾನ ಬಂದ ಮೇಲೆ ನೋಡೋಣ' ಎಂದಾಯಿತು. ಒಂದೂವರೆ ವರ್ಷ ಆ ಬೀಗ ಹಾಗೆಯೇ ಇತ್ತು.

ಆ ಅವಧಿಯಲ್ಲಿ ನಾನು ಒಂಬತ್ತನೆಯ ತರಗತಿಗೆ ಎರಡು ಸಲ ಸೈಫನ್ ಪಾಠ ಮಾಡಿದೆ. ಮೇಜಿನ ಮೇಲೊಂದು ಬೀಕರ್, ಕೆಳಗೊಂದು ಬೀಕರ್, ನಡುವೆ ರಬ್ಬರ್ ಕೊಳವೆ. ಬಣ್ಣದ ನೀರು ಹತ್ತಿ ಇಳಿಯುವುದನ್ನು ಮಕ್ಕಳು ಬೆರಗಾಗಿ ನೋಡುತ್ತಿದ್ದರು. ಒಂದು ಮಧ್ಯಾಹ್ನ ನಮ್ಮ ಕನ್ನಡದ ಅಧ್ಯಾಪಕಿ ಸ್ಟಾಫ್ ರೂಮಿನಲ್ಲಿ ತಗ್ಗಿದ ದನಿಯಲ್ಲಿ, "ಮೇಷ್ಟ್ರೇ, ನಮ್ಮ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ಸಾಯಂಕಾಲದ ತನಕ ಒಂದು ಗುಟುಕು ನೀರು ಕುಡಿಯಲ್ಲ, ನಿಮಗೆ ಗೊತ್ತಾ? ಆ ದಿನಗಳಲ್ಲಂತೂ ಶಾಲೆಗೇ ಬರಲ್ಲ" ಎಂದರು. ನನಗೆ ಗೊತ್ತಿರಲಿಲ್ಲ. ಹಾಜರಿ ಪುಸ್ತಕ ನನ್ನ ಕೈಯಲ್ಲಿಯೇ ಇತ್ತು, ಆದರೂ ಗೊತ್ತಿರಲಿಲ್ಲ.

ಅಂದು ಶಾಲೆ ಬಿಟ್ಟ ಮೇಲೆ ಬೀಗದ ಕೈ ಪಡೆದು ಒಳಗೆ ಹೋದೆ. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ, ಒಳಗಿದ್ದದ್ದು ನಾನು ಪಾಠ ಮಾಡುತ್ತಿದ್ದ ಅದೇ ಸೈಫನ್: ತಲೆಕೆಳಗಾದ ಒಂದು ಬಾಗು ಕೊಳವೆ. ಹಿಡಿಕೆ ಎಳೆದಾಗ ಒಂದು ತಟ್ಟೆ ಮೇಲೆದ್ದು ನೀರನ್ನು ಬಾಗಿನಾಚೆಗೆ ತಳ್ಳಬೇಕು. ಆಮೇಲೆ ಸೈಫನ್ ತಾನೇ ಟ್ಯಾಂಕನ್ನು ಬರಿದುಮಾಡುತ್ತದೆ. ಹಿಡಿಕೆಗೂ ತಟ್ಟೆಗೂ ನಡುವಿನ ಕೊಕ್ಕೆ ತುಕ್ಕು ಹಿಡಿದು ತುಂಡಾಗಿತ್ತು. ಬೇಲಿಯ ತಂತಿಯ ಒಂದು ಚೂರನ್ನು ಬಗ್ಗಿಸಿ ಸಿಕ್ಕಿಸಿದೆ. ಹತ್ತು ನಿಮಿಷ ಹಿಡಿಯಿತು. ಹಿಡಿಕೆ ಎಳೆದಾಗ ನೀರು ಭೋರೆಂದು ಇಳಿಯಿತು. ನಾನು ಆ ಗೋಡೆಗೊರಗಿ ಬಹಳ ಹೊತ್ತು ನಿಂತಿದ್ದೆ.

ಒಂದೂವರೆ ವರ್ಷದ ಬೀಗ, ಹತ್ತು ನಿಮಿಷದ ತಂತಿ. ಅನುದಾನ ಬೇಕಾಗಿರಲಿಲ್ಲ, ತಜ್ಞರು ಬೇಕಾಗಿರಲಿಲ್ಲ. ಬಿ.ಎಡ್. ಪದವಿ ಪಡೆದ ವಿಜ್ಞಾನದ ಮೇಷ್ಟ್ರು ಮುಚ್ಚಳ ಎತ್ತಿ ಒಳಗೆ ನೋಡಬೇಕಾಗಿತ್ತು, ಅಷ್ಟೇ. ಅದು ನನ್ನ ಕೆಲಸವಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೇ ಇರಲಿಲ್ಲ, ಅದು ನನ್ನ ರಕ್ತದಲ್ಲಿಯೇ ಇತ್ತು. ಆ ವರ್ಷಗಳಲ್ಲಿ ಅಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಕೆಲವರು ಇದನ್ನು ಓದುತ್ತೀರಿ. ಈಗ ನೀವು ತಾಯಂದಿರು, ಕೆಲವರು ಅಧ್ಯಾಪಕಿಯರು. ನಿಮ್ಮ ಕ್ಷಮೆಯನ್ನು ನಾನು ಮೂವತ್ತು ವರ್ಷ ತಡವಾಗಿ ಕೇಳುತ್ತಿದ್ದೇನೆ.

2014ರಿಂದೀಚೆಗೆ ದೇಶದಲ್ಲಿ ಅಸಂಖ್ಯ ಶೌಚಾಲಯಗಳು ಎದ್ದಿವೆ. ಸಂತೋಷ. ಕಟ್ಟಡಕ್ಕೆ ಅನುದಾನವಿದೆ, ಉದ್ಘಾಟನೆಗೆ ಫಲಕವಿದೆ. ತುಂಡಾದ ಕೊಕ್ಕೆಗೆ ಮಾತ್ರ ಯಾರೂ ಇಲ್ಲ. ನಿಮ್ಮಲ್ಲಿ ಯಾರಾದರೂ ಶಾಲೆಗಳಲ್ಲಿ ಕೆಲಸ ಮಾಡುತ್ತಿದ್ದರೆ ನಾಳೆಯೇ ಹೋಗಿ ಬೀಗ ಬಿದ್ದ ಬಾಗಿಲುಗಳನ್ನು ಎಣಿಸಿ.

ಮೇಷ್ಟ್ರಾದ ಮೇಲೆ ಮನೆಗೆಲಸ ಕೊಡದೆ ಪಾಠ ಮುಗಿಸುವುದುಂಟೆ? ಬರುವ ಭಾನುವಾರ ನಿಮ್ಮ ಮನೆಯ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಒಬ್ಬರೇ ಬೇಡ, ಮಗಳನ್ನೂ ಮಗನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ನೀರು ಹೇಗೆ ತುಂಬುತ್ತದೆ, ಚೆಂಡು ಹೇಗೆ ಏರುತ್ತದೆ, ಕೊಳಾಯಿ ತಾನೇ ಹೇಗೆ ನಿಲ್ಲುತ್ತದೆ ತೋರಿಸಿ. ಆಮೇಲೆ ಬ್ರಷ್ಷನ್ನು ಮಗನ ಕೈಗೆ ಕೊಡಿ.

ಅಂದ ಹಾಗೆ, ಮೊನ್ನೆ ತಂಗಿ ಫೋನ್ ಮಾಡಿದ್ದಳು. ಮೇಲಿನ ಮಹಡಿಯ ಟ್ಯಾಂಕಿನಲ್ಲಿಯೂ ನೀರು ಗೆರೆಗಿಂತ ಕೆಳಗಿತ್ತಂತೆ. "ನಾನೇ ತಿರುಗಿಸಿದೆ ಅಣ್ಣ" ಎಂದಳು. ಸ್ನಾನ ಮಾಡಿದೆಯಾ ಎಂದು ನಾನು ಕೇಳಲಿಲ್ಲ.